ಅಮ್ಮನ ಕೌದಿ ಮತ್ತು ಹಲಸಿನ ಹಪ್ಪಳ

ನಾನು ಬೇಸಿಗೆಯಲ್ಲಿ ಊರಿಗೆ ಹೊರಟೆ ಅಂದರೆ ಆಫೀಸಿನಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಒಬ್ಬನಿಗೆ ಐವತ್ತು ಹಲಸಿನ ಹಪ್ಪಳ, ಇನ್ನೊಬ್ಬಳಿಗೆ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ, ನಮ್ಮ ಮ್ಯಾನೇಜರಿಗೆ (ಅವರು ಬಯಲುಸೀಮೆಯವರು) "ಆ ಕೆಂಪು ಶರಬತ್ತು". ಅಂದ್ರೆ ಮುರುಗನ ಹುಳಿಯದ್ದು. ನಾನೂ ದೊಡ್ಡ ದಾನಶೂರನ ಹಾಗೆ ಎಲ್ಲದಕ್ಕೂ ಹ್ಞೂಂ ಅಂದುಬಿಡುತ್ತೇನೆ. ಮಾಡುವವಳು ಅಮ್ಮ ತಾನೇ, ನನ್ನ ಗಂಟೇನು ಹೋಗಬೇಕು!

ನಮ್ಮ ಮನೆ ಇರುವುದು ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಏಳು ಹಲಸಿನ ಮರ, ಹಳ್ಳದ ಬದಿಗೆ ಒಂದು ಮಿಡಿ ಮಾವಿನ ಮರ. ಈಗ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅಜ್ಜಿ ತೀರಿಕೊಂಡು ಮೂರು ವರ್ಷ ಆಯ್ತು. ಆ ವರ್ಷವೇ ಅಮ್ಮ ಅಜ್ಜಿಯ ನೂಲಿನ ಸೀರೆಗಳನ್ನೆಲ್ಲ ಒಗೆದು, ಒಣಗಿಸಿ, ಅಕ್ಕನ ಮಗಳಿಗೆ ಒಂದು ಕೌದಿ ಹೊಲಿಯುತ್ತೇನೆ ಅಂತ ಶುರು ಮಾಡಿದ್ದಳು. ಮೂರು ವರ್ಷದಲ್ಲಿ ಆಗಿದ್ದು ಒಂದು ಗೇಣು.

ಯಾಕೆ ಅಂತ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ. ಹಲಸು ಕಾಯಲ್ಲ, ಕೌದಿ ಕಾಯ್ತದೆ.

ಮೇಲ್ನೋಟಕ್ಕೆ ಸರಿಯಾದ ಮಾತೇ. ಮಿಡಿ ಬಲಿತು ಗೊರಟು ಗಟ್ಟಿಯಾಯ್ತೋ, ಉಪ್ಪಿನಕಾಯಿಗೆ ಬರುವುದಿಲ್ಲ. ಕೊಯ್ಯುವಾಗ ಕೆಳಗೆ ಬಿದ್ದು ಪೆಟ್ಟಾದರೆ ಭರಣಿಯನ್ನೇ ಕೆಡಿಸುತ್ತದೆ. ಅದು ಮುಗಿಯುವಷ್ಟರಲ್ಲಿ ಹಪ್ಪಳದ ಕಾಲ. ಕಾಯಿ ಬಲಿತಿರಬೇಕು, ಆದರೆ ಹಣ್ಣಾಗಿರಬಾರದು. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಉಪ್ಪು ಖಾರ ಹಾಕಿ ಕುಟ್ಟಿ, ಉಂಡೆ ಮಾಡಿ, ಮಣೆಯಲ್ಲಿ ಒತ್ತಿ, ಚಾಪೆ ಮೇಲೆ ಹರವಿ, ಎರಡು ಮೂರು ಬಿಸಿಲು ಒಣಗಿಸಬೇಕು. ಏಪ್ರಿಲ್ ಕೊನೆಗೆ ಮಧ್ಯಾಹ್ನ ಮೂರಕ್ಕೆ ಗುಡುಗಲು ಶುರುವಾದರೆ ಚಾಪೆ ಎತ್ತಿಕೊಂಡು ಓಡಬೇಕು. ಕಾಗೆ ಕಾಯಲು ಮೊದಲು ನಾವು ಮಕ್ಕಳಿದ್ದೆವು, ಸಂಬಳ ಹಪ್ಪಳದ ಉಂಡೆ. ಈಗ ಅದೂ ಅಮ್ಮನೇ.

ಕೌದಿಗೂ ಬೇಕಾಗಿದ್ದು ಅದೇ ಒಣಹವೆ, ಅದೇ ಜಗಲಿ, ಅದೇ ಬೆಳಕು, ಅದೇ ಎರಡು ಕೈ. ಇದು ನನಗೆ ಎಷ್ಟೋ ವರ್ಷ ಹೊಳೆದಿರಲಿಲ್ಲ. ಒಮ್ಮೆ ಫೋನಿನಲ್ಲಿ "ಮಳೆಗಾಲದಲ್ಲಿ ಪುರುಸೊತ್ತು ಇರ್ತದಲ್ಲ, ಆಗ ಹೊಲಿ" ಅಂತ ಉಪದೇಶ ಮಾಡಿದ್ದೆ. "ಜುಲೈಯಲ್ಲಿ ಇಲ್ಲಿ ಸೂಜಿಗೆ ದಾರ ಪೋಣಿಸೋ ಬೆಳಕು ಎಲ್ಲುಂಟು ಮಾರಾಯ? ಕರೆಂಟು ನಿನ್ನಜ್ಜ ಕೊಡ್ತಾನಾ?" ಅಂದಳು. ಹೌದು. ಬಟ್ಟೆ ಮುಟ್ಟಿದರೆ ತಣ್ಣಗೆ ಥಂಡಿ, ಮಡಿಸಿಟ್ಟರೆ ಬೂಷ್ಟು. ನರಸಿಂಹರಾಜಪುರದ ಕಡೆ ಇರುವ ದೊಡ್ಡಮ್ಮನಿಗೆ ನಮಗಿಂತ ಮಳೆ ಕಡಿಮೆ. ಅವಳು ಮಳೆಗಾಲದಲ್ಲೂ ಅಷ್ಟಿಷ್ಟು ಹೊಲಿಯುತ್ತಾಳೆ. ಶೃಂಗೇರಿ ಪಕ್ಕದ ನಮಗೆ ಆ ಭಾಗ್ಯ ಇಲ್ಲ.

ಹಾಗಾದರೆ ಹಪ್ಪಳ ಒಣಗುತ್ತಾ ಇರುವಾಗ ಮಧ್ಯೆ ಹೊಲಿಯಬಹುದಲ್ಲ? ಇದೂ ನನ್ನದೇ ಸಲಹೆ. ಹಲಸಿನ ಮೇಣ ಹತ್ತಿದ ಕೈಯಲ್ಲಿ ಬಿಳಿ ಸೀರೆ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಸಾಫ್ಟ್‌ವೇರಿನವರಾದ ನಮಗೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದರೆ ತಲೆ ಕೆಡುತ್ತದೆ ಅಂತ ಮೀಟಿಂಗ್ ಮಾಡಿ ಗೋಳಾಡುತ್ತೇವೆ. ಅಮ್ಮನಿಗೆ ಪ್ರತಿ ಸಲ ಎಣ್ಣೆ, ಕಡಲೆಹಿಟ್ಟು, ಬಿಸಿನೀರು ಹಾಕಿ ಕೈ ತಿಕ್ಕಬೇಕು.

ಹೋದ ವರ್ಷ ನಾನೊಂದು ಉಪಾಯ ಮಾಡಿದೆ. ಪರದೇಶದವರು ಹಣ್ಣನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಬಿಸಿನೀರಿನಲ್ಲಿ ಕುದಿಸಿ ವರ್ಷಗಟ್ಟಲೆ ಇಡುತ್ತಾರಲ್ಲ, ನಿಕೋಲಾ ಅಪೇರ್ ಎಂಬ ಫ್ರೆಂಚ್ ಮನುಷ್ಯ 1810ರಲ್ಲೇ ಪುಸ್ತಕ ಬರೆದು ತಿಳಿಸಿದ ವಿಧಾನ. ಬಿಸಿಲು ಬೇಡ, ಕಾಗೆ ಕಾಟ ಇಲ್ಲ, ಎರಡು ಗಂಟೆಯ ಕೆಲಸ. ಬೆಂಗಳೂರಿನಿಂದ ಆರು ಬಾಟಲಿ ತಂದು, ಹಲಸಿನ ಹಣ್ಣಿನ ಸೊಳೆಗೆ ಸಕ್ಕರೆ ನೀರು ಹಾಕಿ ಕುದಿಸಿಟ್ಟೆ. ವಾರದಲ್ಲಿ ಮುಚ್ಚಳ ಉಬ್ಬಿಕೊಂಡವು. ಆಮೇಲೆ ಓದಿದೆ (ಮೊದಲೇ ಓದಬೇಕಿತ್ತು, ಇಂಜಿನಿಯರ್ ನೋಡಿ). ಆ ವಿಧಾನ ಹುಳಿ ಹಣ್ಣುಗಳಿಗೆ, ಪಿಎಚ್ 4.6ಕ್ಕಿಂತ ಕಡಿಮೆ ಇರುವುದಕ್ಕೆ ಮಾತ್ರ. ಹಲಸಿನ ಹಣ್ಣಿಗೆ ಅಷ್ಟು ಹುಳಿ ಇಲ್ಲ. ಬೊಟುಲಿಸಂ ವಿಷ ಮಾಡುವ ಬ್ಯಾಕ್ಟೀರಿಯಾದ ಬೀಜಕಗಳು 100 ಡಿಗ್ರಿಯಲ್ಲಿ ಸಾಯುವುದಿಲ್ಲ, ಒತ್ತಡದಲ್ಲಿ 121 ಡಿಗ್ರಿ ತನಕ ಕಾಯಿಸಬೇಕು. ಆರೂ ಬಾಟಲಿಯನ್ನು ಗುಂಡಿ ತೋಡಿ ಹುಗಿದೆವು, ದನಕ್ಕೂ ಹಾಕಲಿಲ್ಲ. ಅಮ್ಮನ ಹಲಸಿನ ಪಾಕ ಮಾತ್ರ ಹಾಗೇ ಇತ್ತು. ಬೆಲ್ಲ ಹಾಕಿ ನೀರಿನಂಶವೆಲ್ಲ ಹೋಗುವ ತನಕ ಕಾಸಿದ್ದು ಅದು. ಕೌದಿಗೆ ಸಮಯ ಉಳಿಸಲು ಹೋಗಿ ಎರಡು ದಿನ ಹಾಳು ಮಾಡಿ ಬಂದೆ.

ಅದೇ ಸಲ ಅಮ್ಮ ಟ್ರಂಕು ತೆರೆದಳು. ಅಜ್ಜಿ ಉಡುತ್ತಿದ್ದ ಹಸಿರು ಸೀರೆ, ಕೌದಿಯ ಮೇಲ್ಭಾಗಕ್ಕೆ ಅಂತ ಎತ್ತಿಟ್ಟಿದ್ದು, ಎರಡು ಮಳೆಗಾಲದ ಥಂಡಿಗೆ ಮಡಿಕೆಯ ಗುಂಟ ಕರಿ ಚುಕ್ಕೆ ಹಿಡಿದಿತ್ತು. ಬಿಡಿಸುವಾಗ ಪರ್ ಅಂತ ಹರಿಯಿತು. ಅಮ್ಮ ಏನೂ ಹೇಳಲಿಲ್ಲ, ಮತ್ತೆ ಮಡಿಸಿಟ್ಟು ಒಳಗೆ ಹೋದಳು. ಕೌದಿ ಕಾಯ್ತದೆ ಅನ್ನೋದು ಸುಳ್ಳು. ನಾವು ಯಾರೂ ಆ ಟ್ರಂಕು ತೆರೆದು ನೋಡಿರಲಿಲ್ಲ, ಅಷ್ಟೆ.

ಬೆಂಗಳೂರಿಗೆ ಬಂದ ಮೇಲೆ ಲೆಕ್ಕ ಹಾಕಿದೆ. ಕೌದಿ ನಾಲ್ಕು ಅಡಿ ಅಗಲ, ಆರು ಅಡಿ ಉದ್ದ. ಅರ್ಧ ಇಂಚಿಗೊಂದು ಸಾಲು ಅಂದರೆ 96 ಸಾಲು, 576 ಅಡಿ ಹೊಲಿಗೆ. ನಾಲ್ಕು ಪದರದ ಮೇಲೆ ಅಮ್ಮ ಗಂಟೆಗೆ ಸುಮಾರು 15 ಅಡಿ ಹೊಲಿಯುತ್ತಾಳೆ. ದಿನಕ್ಕೆ ಎರಡು ಗಂಟೆ ಹಿಡಿದರೆ ಹತ್ತೊಂಬತ್ತು, ಇಪ್ಪತ್ತು ದಿನ. ಇಪ್ಪತ್ತು ಬೆಳಗ್ಗೆ! ಅದೇ ಹೋದ ವರ್ಷ ಮನೆಯಲ್ಲಿ ಆದ ಹಪ್ಪಳ 600. ಮನೆಗೆ ಬೇಕಾಗಿದ್ದು 150. ಉಳಿದದ್ದು ನೆಂಟರದ್ದು, ಮತ್ತೆ ನನ್ನ ಪಟ್ಟಿಯದ್ದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮರದಲ್ಲಿ ಎಷ್ಟಿದೆ ಅಂತ ನೋಡಿ ಹಪ್ಪಳ ಮಾಡಬಾರದು, ಮನೆಯಲ್ಲಿ ಎಷ್ಟು ಕೈ ಇದೆ ಅಂತ ನೋಡಿ ಮಾಡಬೇಕು. ಹತ್ತು ಜನ ಇದ್ದ ಮನೆಯ ಲೆಕ್ಕವನ್ನು ಇಬ್ಬರಿರುವ ಮನೆಗೆ ಹಾಕಿದರೆ ತಪ್ಪು ಲೆಕ್ಕ. ಉಳಿದ ಹಣ್ಣು ದನ ತಿನ್ನಲಿ, ಮಂಗ ತಿನ್ನಲಿ. ಹಣ್ಣು ಹಾಳು ಮಾಡೋದು ಪಾಪ ಅಂತ ಅಪ್ಪ ಹೇಳ್ತಾರೆ. ಆದರೆ ಅಪ್ಪ ಒಂದು ಸೊಳೆಯನ್ನೂ ಬಿಡಿಸಿದ್ದು ನಾನು ಕಂಡಿಲ್ಲ :) ಹಪ್ಪಳ, ಉಪ್ಪಿನಕಾಯಿ ಮಾರಿ ನಾಲ್ಕು ಕಾಸು ಕಾಣುವ ಮನೆಗಳ ಮಾತು ಬೇರೆ. ಹಳದಿ ಎಲೆ ರೋಗ, ಈಗ ಎಲೆಚುಕ್ಕಿ ರೋಗ ಅಂತ ಅಡಿಕೆ ತೋಟಕ್ಕೆ ಏಟು ಬಿದ್ದಿರುವಾಗ ನಮ್ಮ ಮೂರೂ ತಾಲ್ಲೂಕಿನಲ್ಲಿ ಅಂಥವರಿಗೆ ಅದು ಸಂಪಾದನೆ. ನಾನು ಹೇಳ್ತಿರೋದು ಬಿಟ್ಟಿಯಾಗಿ ಡಬ್ಬ ತುಂಬಿಸಿಕೊಂಡು ಬಸ್ ಹತ್ತುವ ನನ್ನಂಥವರಿಗೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ 'ಕವಂದಿ' ಅನ್ನುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ, ಮೂಲೆಗೆ 'ಫೂಲ' ಅಂತ ಬಟ್ಟೆಯ ಹೂವು ಇಡದಿದ್ದರೆ ಕೆಲಸ ಪೂರ್ತಿ ಆಗಲಿಲ್ಲ ಅಂತ ಲೆಕ್ಕ. 2004ರಿಂದ ಅವರ ಕವಂದಿ ಸಹಕಾರಿಯ ಮೂಲಕ ಹೊರದೇಶದವರೆಗೂ ಹೋಗಿದೆ, ಪ್ರದರ್ಶನಕ್ಕೂ ಇಟ್ಟಿದ್ದಾರೆ. ನಮ್ಮಲ್ಲಿ ಮಾತ್ರ ಅದು 'ಕೆಲಸ ಇಲ್ಲದಾಗ ಮಾಡುವ ಕೆಲಸ'.

ಈ ಏಪ್ರಿಲ್‌ನಲ್ಲಿ ಒಂದು ವಾರ ರಜೆ ಹಾಕಿ ಹೋದೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದು ಜಗಲಿ ಕೌದಿಗೆ, ಆಗ ಅಮ್ಮನ ಕೈಗೆ ಮೇಣ ಹತ್ತಿರುವುದಿಲ್ಲ. ಹಲಸು ಕೊಯ್ದು ಸೊಳೆ ಬಿಡಿಸುವುದು ನಾನು ಮತ್ತು (ಗೊಣಗುತ್ತಾ) ಅಪ್ಪ. 180 ಹಪ್ಪಳಕ್ಕೆ ನಿಲ್ಲಿಸಿದೆವು. ನನ್ನ ಸೊಳೆಯಲ್ಲಿ ನಾರು ಉಳಿದಿದೆ ಅಂತ ಅಮ್ಮ ಅರ್ಧದಷ್ಟನ್ನು ಮತ್ತೆ ಆರಿಸಿದಳು, ಅದು ಬೇರೆ ಕತೆ. ನಾನು ಬಂದ ಮೇಲೂ ಬೆಳಗಿನ ಎರಡು ಗಂಟೆ ತಪ್ಪಿಸಿಲ್ಲ ಅಂತ ಅಪ್ಪ ಫೋನಿನಲ್ಲಿ ವರದಿ ಕೊಟ್ಟರು. ಹರಿದ ಹಸಿರು ಸೀರೆಯನ್ನು ಅಮ್ಮ ಒಳಪದರಕ್ಕೆ ಹಾಕಿದ್ದಾಳೆ. ಇನ್ನು ಒಂದು ಮೊಳದಷ್ಟು ಬಾಕಿ.

ಆಫೀಸಿನವರಿಗೆ ಈ ಸಲ ಹಪ್ಪಳ ಇಲ್ಲ ಅಂತ ಹೇಳಿಯಾಯ್ತು. ಮ್ಯಾನೇಜರಿಗೆ ಮಾತ್ರ ಒಂದು ಬಾಟಲಿ ಶರಬತ್ತು ಕೊಟ್ಟಿದ್ದೇನೆ. ಅದರ ಹಣ್ಣು ಆರಿಸಿದ್ದು, ಸಿಪ್ಪೆ ಬಿಡಿಸಿ ಸಕ್ಕರೆಗೆ ಹಾಕಿದ್ದು ಎಲ್ಲ ನಾನೇ, ಅಮ್ಮನ ಮೇಲಾಣೆ.