ಮನೆಮಾತಿನ ವಂಶಾವಳಿ

ಕುಲದ ವಂಶಾವಳಿಯನ್ನು ಬರೆದಿಡುವ ಮನೆತನಗಳು ನಮ್ಮಲ್ಲಿ ಹಲವುಂಟು. ಆದರೆ ಆ ಮನೆಯಲ್ಲಿ ದಿನಾಲು ಆಡುವ ಮಾತಿಗೂ ಒಂದು ವಂಶಾವಳಿಯಿರುವದೆಂಬುದನ್ನು ನೆನೆಯುವವರು ವಿರಳ. ಹಾಲು, ಹೂವು, ಹಲ್ಲು, ಹುಲಿ ಎಂಬ ಶಬ್ದಗಳಿಗೂ ಅಜ್ಜ ಮುತ್ತಜ್ಜಂದಿರಿದ್ದಾರೆ, ದಾಯಾದಿಗಳಿದ್ದಾರೆ. ಈ ಸಲ ಆ ಸಂಬಂಧವನ್ನು ವಾಚಕರೊಡನೆ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ. ಅದಕ್ಕೆ ಕಾರಣವೂ ಉಂಟು. ನಮ್ಮ ಅನಗವಾಡಿಯ ಕಡೆಯ ಕೂಸು ಶಾಲೆಯಲ್ಲಿ 'ಮನಿ' ಎಂದರೆ 'ಅಶುದ್ಧ' ಎಂದು ಗದರಿಸುವ ರೂಢಿಯು ಇನ್ನೂ ಅಳಿದಿಲ್ಲ. ತಾಯಿಯ ಬಾಯಿಂದ ಕಲಿತ ಮಾತಿಗಾಗಿ ಮಗುವು ನಾಚಿಕೊಳ್ಳಬೇಕೇ?

ಮೊದಲು ಹಾಲಿನಿಂದಲೇ ಪ್ರಾರಂಭಿಸೋಣ. ಹಳಗನ್ನಡದಲ್ಲಿ ಇದು 'ಪಾಲ್'. ಹೂವು 'ಪೂ', ಹಲ್ಲು 'ಪಲ್', ಹುಲಿ 'ಪುಲಿ', ಹಂದಿ 'ಪಂದಿ'. ಶಬ್ದದ ಮೊದಲಲ್ಲಿದ್ದ ಪಕಾರವು ಹತ್ತನೆಯ ಶತಮಾನದ ಸುಮಾರಿನಿಂದ ಮೆಲ್ಲಮೆಲ್ಲನೆ ಹಕಾರವಾಗತೊಡಗಿತು. ಯಾರೂ ಸಭೆ ಸೇರಿ ಇದನ್ನು ಗೊತ್ತುಮಾಡಲಿಲ್ಲ. ಯಾವ ಅರಸನೂ ಅಪ್ಪಣೆ ಕೊಡಲಿಲ್ಲ. ಆದರೂ ಇದು ಒಂದೆರಡು ಶಬ್ದಗಳಿಗೆ ನಿಲ್ಲದೆ ನೂರಾರು ಶಬ್ದಗಳಲ್ಲಿ ಒಂದೇ ಕ್ರಮದಿಂದ ನಡೆಯಿತು. ಭಾಷೆಯ ಬದಲಾವಣೆಗೆ ನಿಯಮವುಂಟೆಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನವು ಬೇಕಿಲ್ಲ.

ಸಂಸ್ಕೃತದಿಂದ ಬಂದ ಶಬ್ದಗಳನ್ನೂ ಈ ನಿಯಮವು ಬಿಡಲಿಲ್ಲ. 'ಪರ್ವ'ವು 'ಪಬ್ಬ'ವಾಗಿ, ಆಮೇಲೆ 'ಹಬ್ಬ'ವಾಯಿತು. 'ಪುಸ್ತಕ'ವು ಪ್ರಾಕೃತದ ದಾರಿಯಿಂದ 'ಪೊತ್ತಗೆ'ಯಾಗಿ, ಕೊನೆಗೆ 'ಹೊತ್ತಗೆ'ಯಾಯಿತು. ಆದರೆ ಪಂಡಿತರು ಗ್ರಂಥಗಳಿಂದ ಮತ್ತೆ ನೇರವಾಗಿ ತಂದ 'ಪುಸ್ತಕ'ವು ಪಕಾರವನ್ನು ಉಳಿಸಿಕೊಂಡಿತು. ಹೀಗೆ ಒಂದೇ ಅತಿಥಿಯು ಎರಡು ವೇಷದಲ್ಲಿ ಎರಡು ಸಲ ನಮ್ಮ ಮನೆಗೆ ಬಂದಂತಾಯಿತು.

ಇನ್ನು ದಾಯಾದಿಗಳ ವಿಚಾರ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಹಾಲಿಗೆ 'ಪಾಲ್' ಎನ್ನುವರು. ತೆಲುಗರು 'ಪಾಲು' ಎನ್ನುವರು. ಇಷ್ಟನ್ನೇ ನೋಡಿದವರು ತಮಿಳೇ ಕನ್ನಡದ ತಾಯಿಯೆಂದು ಹೇಳಿಬಿಡಬಹುದು. ಆದರೆ 'ಕಿವಿ'ಯನ್ನು ನೋಡಿರಿ. ತಮಿಳಿನಲ್ಲಿ ಅದು 'ಸೆವಿ', ತೆಲುಗಿನಲ್ಲಿ 'ಚೆವಿ'. ಇಲ್ಲಿ ಮೂಲದ ಕಕಾರವನ್ನು ಕಾಯ್ದುಕೊಂಡದ್ದು ಕನ್ನಡವು, ಬದಲಾದವು ಉಳಿದವು. ಒಂದು ಕಡೆಗೆ ತಮಿಳು ಹಳೆಯದನ್ನು ಉಳಿಸಿದೆ, ಇನ್ನೊಂದು ಕಡೆಗೆ ಕನ್ನಡವು ಉಳಿಸಿದೆ. ಆದ್ದರಿಂದ ಇವರಲ್ಲಿ ಯಾರೂ ಯಾರಿಗೂ ತಾಯಿಯಲ್ಲ, ಎಲ್ಲರೂ ಅಕ್ಕತಂಗಿಯರು. ತಾಯಿಯು ಬರಹವಿಲ್ಲದ ಕಾಲದಲ್ಲಿಯೇ ಕಾಲವಾದಳು. ಮಕ್ಕಳ ಮುಖಲಕ್ಷಣಗಳನ್ನು ಹೋಲಿಸಿ ಅವಳ ರೂಪವನ್ನು ಊಹಿಸುವದೇ ತೌಲನಿಕ ಭಾಷಾಶಾಸ್ತ್ರದ ಕೆಲಸ. ದೂರದ ಬಲೂಚಿಸ್ತಾನದ ಬ್ರಾಹುಈ ಜನರು ಕಣ್ಣಿಗೆ 'ಖನ್' ಎನ್ನುವರು. ಅವರೂ ಈ ಮನೆತನದವರೇ.

ಈ ಶಾಸ್ತ್ರದ ಬೆಳವಣಿಗೆಗೆ ನಮ್ಮ ದೇಶವೇ ದೊಡ್ಡ ಆಧಾರವಾಯಿತು. 1786ರಲ್ಲಿ ಕಲಕತ್ತೆಯಲ್ಲಿ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ, ಲ್ಯಾಟಿನ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸಾರಿದನು. 1816ರಲ್ಲಿ ಮದ್ರಾಸಿನ ಎಲ್ಲಿಸನು ದಕ್ಷಿಣದ ನುಡಿಗಳು ಸಂಸ್ಕೃತಜನ್ಯವಲ್ಲವೆಂದು ತೋರಿಸಿದನು. 1856ರಲ್ಲಿ ಕಾಲ್ಡವೆಲ್ಲನ ದ್ರಾವಿಡ ವ್ಯಾಕರಣವು ಹೊರಬಿದ್ದಿತು. 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು. 1961ರಲ್ಲಿ ಬರೋ ಮತ್ತು ಎಮೆನೋ ಅವರ ದ್ರಾವಿಡ ಶಬ್ದವ್ಯುತ್ಪತ್ತಿಕೋಶ. ಸಂಸ್ಕೃತವನ್ನು ಆಜನ್ಮ ಆರಾಧಿಸಿದ ನನಗೆ ಇದರಿಂದ ಯಾವ ಖೇದವೂ ಇಲ್ಲ. ಒಂದು, ಎರಡು, ಮೂರು, ನಾನು, ನೀನು, ಕಣ್ಣು, ಕಾಲು - ಇವು ಕನ್ನಡದ ಹುಟ್ಟುಸೊತ್ತು. ಧರ್ಮ, ವಿದ್ಯೆ, ಕಾವ್ಯ - ಇವು ಗುರುವಿನಿಂದ ಪಡೆದ ಸಂಪತ್ತು. ಗುರುವು ಹೆತ್ತ ತಾಯಿಯಲ್ಲವೆಂದರೆ ಗುರುವಿನ ಗೌರವವು ಕುಂದುವದಿಲ್ಲ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳು ಇರುವ ನಾಡಿನ ಮೇರೆಗಳನ್ನು ಹೇಳುವಾಗ ಕಿಸುವೊಳಲನ್ನು ಹೆಸರಿಸುವದು. ಅದು ನಮ್ಮ ಜಿಲ್ಲೆಯ ಪಟ್ಟದಕಲ್ಲೇ. 'ಕಿಸು' ಎಂದರೆ ಕೆಂಪು, 'ಪೊೞಲ್' ಎಂದರೆ ಪಟ್ಟಣ. ಅಂಥ ನಾಡಿನ ಮಾತು ಇದು. ಮುಂದೆ ಆದಿಲಶಾಹಿಯೂ, 1948ರ ವರೆಗೆ ಜಮಖಂಡಿ ಮುಧೋಳಗಳಲ್ಲಿ ಮರಾಠಾ ಸಂಸ್ಥಾನಗಳೂ ನಡೆದದ್ದರಿಂದ ಕಚೇರಿ, ಅರ್ಜಿ, ದಫ್ತರಗಳು ನಮ್ಮಲ್ಲಿ ಸೇರಿದವು. ಪ್ರತಿಯಾಗಿ ನಮ್ಮ ಅಕ್ಕ ಅಣ್ಣಂದಿರು ಮರಾಠಿಗರ ಮನೆಯನ್ನು ಹೊಕ್ಕು ಅಲ್ಲಿಯವರೇ ಆದರು.

ಈಗ 'ಮನಿ'ಯ ಮಾತು. ನಮ್ಮವರು ಮನೆಗೆ ಮನಿ, ಎಲೆಗೆ ಎಲಿ, ತಲೆಗೆ ತಲಿ, ಕೆರೆಗೆ ಕೆರಿ, ಆನೆಗೆ ಆನಿ ಎನ್ನುವರು. ಶಬ್ದಾಂತ್ಯದ ಎಕಾರವು ಇಕಾರವಾಗುವದು. ಇದರಲ್ಲಿ ಅಂಕೆಯಿಲ್ಲದ ಒದರಾಟವೆಲ್ಲಿದೆ? ಪಾಲ್ ಎಂಬುದನ್ನು ಹಾಲು ಮಾಡಿದಂಥ ನಿಯಮವೇ ಇಲ್ಲಿಯೂ ಇರುವದು. ಹಾಲು ಎಂಬುದು ಶುದ್ಧವಾದರೆ ಮನಿ ಎಂಬುದು ಅಶುದ್ಧವು ಹೇಗೆ? ಒಂದಕ್ಕೆ ಗ್ರಂಥದ ಮನ್ನಣೆ ದೊರೆಯಿತು, ಇನ್ನೊಂದಕ್ಕೆ ದೊರೆಯಲಿಲ್ಲ, ಭೇದವು ಇಷ್ಟೇ.

ಹಾಗೆಂದು ಗ್ರಾಂಥಿಕ ಭಾಷೆಯನ್ನು ಕಲಿಸಬಾರದೆಂದು ನನ್ನ ಅಭಿಪ್ರಾಯವಲ್ಲ. ಬೀದರದಿಂದ ಮಡಿಕೇರಿಯ ವರೆಗಿನ ಕನ್ನಡಿಗರನ್ನು ಒಂದುಗೂಡಿಸುವದು ಅದೇ. ಅದನ್ನು ಮಗುವಿಗೆ ಚೆನ್ನಾಗಿ ಕಲಿಸಿರಿ. ಆದರೆ 'ಬರೆಯುವಾಗ ಹೀಗೆ, ಮನೆಯಲ್ಲಿ ಹಾಗೆ' ಎಂದು ಹೇಳಿರಿ. 'ನಿಮ್ಮವ್ವನ ಮಾತು ತಪ್ಪು' ಎಂದು ಹೇಳಬೇಡಿರಿ. ಮಾತಿಗೆ ನಾಚಿದ ಮಗು ಆಡಿದವಳಿಗೂ ನಾಚುವದು.

ಇನ್ನೊಂದು ಬಿನ್ನಹ. ಆಲಮಟ್ಟಿಯ ಹಿನ್ನೀರಿನಿಂದ ನಮ್ಮ ಜಿಲ್ಲೆಯ ಎಷ್ಟೋ ಊರುಗಳು ಸ್ಥಳವನ್ನು ಬಿಟ್ಟೆದ್ದವು. ಹಳೆಯ ಬಾಗಲಕೋಟೆಯೂ ಬಹುಭಾಗ ಮುಳುಗಿತು. ಹೊಲ ಮುಳುಗಿದಾಗ ಹೊಲದ ಹೆಸರೂ ಮುಳುಗುವದು. ಕೂರಿಗೆ ಮೂಲೆಗೆ ಸೇರಿದಾಗ ಅದರ ಅಂಗಾಂಗಗಳ ಹೆಸರುಗಳೂ ಮೂಲೆ ಸೇರುವವು. ಆದಕಾರಣ ಪ್ರತಿಯೊಂದು ಮನೆಯಲ್ಲಿ ಒಂದು ವಹಿಯನ್ನಿಟ್ಟು, ಅಜ್ಜಿಯು ಆಡುವ ಹಳೆಯ ಶಬ್ದಗಳನ್ನು ಅವಳು ಆಡಿದಂತೆಯೇ ಬರೆದಿಡಿರಿ, ತಿದ್ದಬೇಡಿರಿ. ಆ ಕೆಲಸವನ್ನು ಮಕ್ಕಳ ಕೈಗೇ ಒಪ್ಪಿಸಿರಿ. ಕೇಳಲು ಕುಳಿತ ಮೊಮ್ಮಗನಿಗೆ ಅಜ್ಜಿಯು ಶಬ್ದವೊಂದನ್ನೇ ಹೇಳಿ ಸುಮ್ಮನಾಗಲಾರಳು. ಅದರ ಹಿಂದಿನ ಬಾಳ್ವೆಯನ್ನೂ ಹೇಳುವಳು.