ಮೆಡಿಕಲ್ ಶಾಪಿನಲ್ಲಿ ಒಂದು ಪ್ರಶ್ನೆ ಕೇಳೋಣ

ಮೊನ್ನೆ ಗುಬ್ಬಿಯ ಒಂದು ಮೆಡಿಕಲ್ ಶಾಪಿನ ಮುಂದೆ ನಿಂತಿದ್ದೆವು. ಮಗು ಎತ್ತಿಕೊಂಡು ಬಂದ ತಾಯಿಯೊಬ್ಬರು, "ಅಣ್ಣ, ಮಗೀಗೆ ರಾತ್ರಿಯಿಂದ ಭೇದಿ ಆಗ್ತೈತೆ, ಏನಾದ್ರೂ ಕೊಡಿ" ಅಂದರು. ಅಂಗಡಿಯವರು ಒಂದು ಆಂಟಿಬಯೋಟಿಕ್ ಸಿರಪ್ ಕೊಟ್ಟರು. ಜೊತೆಗೆ ಹಣ್ಣಿನ ರುಚಿಯ ಪಾನೀಯದ ಒಂದು ಪ್ಯಾಕೆಟ್. ಡಾಕ್ಟರ ಚೀಟಿ ಕೇಳಲಿಲ್ಲ. ಓಆರ್‌ಎಸ್ ಪುಡಿಯನ್ನೂ ಕೊಡಲಿಲ್ಲ, ಜಿಂಕ್ ಮಾತ್ರೆಯನ್ನೂ ಕೊಡಲಿಲ್ಲ.

ಆ ತಾಯಿ ಹೋದ ಮೇಲೆ ಅಂಗಡಿಯವರನ್ನೇ ಕೇಳಿದೆವು. "ಓಆರ್‌ಎಸ್ ಕೊಡಬೇಕು ಅಂತ ನಮಗೂ ಗೊತ್ತು ಸಾರ್. ಬರೀ ಪುಡಿ ಕೊಟ್ರೆ ಇವನಿಗೇನೂ ಗೊತ್ತಿಲ್ಲ ಅಂದ್ಕೊಂಡು ಪಕ್ಕದ ಅಂಗಡಿಗೆ ಹೋಗ್ತಾರೆ" ಅಂದರು.

ಅಂದರೆ ತಿಳಿವಳಿಕೆ ಇದೆ. ಅದನ್ನು ಬಳಸುವ ಧೈರ್ಯ ಇಲ್ಲ. ಅದರಲ್ಲಿ ನಮ್ಮ ಪಾಲೂ ಇದೆ.

ಪುರಾವೆ ನೋಡಿ ಔಷಧಿ ಕೊಡುವುದು ಅಂದರೆ ದೊಡ್ಡ ವಿದ್ಯೆಯೇನಲ್ಲ. ಕೊಟ್ಟವರಿಗೆ ಏನಾಯ್ತು, ಕೊಡದವರಿಗೆ ಏನಾಯ್ತು ಅಂತ ಲೆಕ್ಕ ಹಾಕಿ ಕೊಡುವುದು. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು. ಡ್ರಿಪ್ ಬಾಟಲಿ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರು ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅದೇ ನೀರು ಈಗಿನ ಓಆರ್‌ಎಸ್. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆ 10ರಿಂದ 14 ದಿನ ಜಿಂಕ್ ಕೊಡಿ ಅಂದವು. ಬಹುತೇಕ ಭೇದಿಗೆ ಆಂಟಿಬಯೋಟಿಕ್ ಬೇಡವೇ ಬೇಡ.

ಪಾನೀಯದ ಪ್ಯಾಕೆಟ್ ಬೇರೆ ಕಥೆ. ಅದರಲ್ಲಿ ಸಕ್ಕರೆ ಜಾಸ್ತಿ, ಭೇದಿ ಇನ್ನೂ ಹೆಚ್ಚಬಹುದು. ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಹೆಸರು ಹಾಕಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ.

ಕಾನೂನಿಗೂ ಕೊರತೆಯಿಲ್ಲ. ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್ ಮಾರಿದರೆ ಡಾಕ್ಟರ್ ಮತ್ತು ರೋಗಿಯ ಹೆಸರು ಬರೆದು, ಆ ರಿಜಿಸ್ಟರನ್ನು 3 ವರ್ಷ ಇಡಬೇಕು. 2014ರ ಮಾರ್ಚ್‌ನಿಂದ ಈ ನಿಯಮ ಇದೆ. ಔಷಧಿ ಬಗ್ಗೆ ರೋಗಿಗೆ ತಿಳಿಸಿ ಹೇಳುವುದೂ ಫಾರ್ಮಸಿಸ್ಟರ ಕೆಲಸ ಅಂತ 2015ರ ನಿಯಮಾವಳಿ ಹೇಳುತ್ತದೆ. ತುಮಕೂರಿನಲ್ಲೇ ಫಾರ್ಮಸಿ ಕಾಲೇಜಿದೆ, ಓದಿದವರು ಸಿಗದ ಜಿಲ್ಲೆಯಲ್ಲ ಇದು. ಆದರೂ ಕುಣಿಗಲ್‌ನಲ್ಲಿ ನಾವು ಹೋದ ಒಂದು ಅಂಗಡಿಯಲ್ಲಿ ಲೈಸೆನ್ಸ್ ಗೋಡೆ ಮೇಲಿತ್ತು, ಅದರಲ್ಲಿ ಹೆಸರಿದ್ದವರು ಇರಲಿಲ್ಲ. ಹುಡುಗನೊಬ್ಬ ಖಾಲಿ ಶೀಟು ನೋಡಿ ಅದೇ ಬಣ್ಣದ ಶೀಟು ಹುಡುಕಿ ಕೊಡುತ್ತಿದ್ದ. ಔಷಧ ನಿಯಂತ್ರಣ ಇಲಾಖೆಯವರು ಇದನ್ನು ನೋಡಬೇಡವೇ?

ಅಂಗಡಿಯವರನ್ನಷ್ಟೇ ಬೈದರೆ ಅನ್ಯಾಯ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಮೆಡಿಕಲ್ ಶಾಪು ರಾತ್ರಿ ಒಂಬತ್ತಕ್ಕೂ ತೆಗೆದಿರುತ್ತದೆ. ನಮ್ಮ ಹಳ್ಳಿಗಳಿಗೆ ಮೊದಲ ಡಾಕ್ಟರ್ ಅವರೇ. ಅದಕ್ಕೇ ಅವರು ಸರಿಯಾದದ್ದನ್ನು ಹೇಳಬೇಕು, ನಾವು ಅದನ್ನು ಕೇಳಬೇಕು.

ಮುಂದಿನ ಸಲ ಹೋದಾಗ ಇಷ್ಟು ಕೇಳಿ: "ಅಣ್ಣ, ಇದು ಆಂಟಿಬಯೋಟಿಕ್ಕಾ? ಈ ಕಾಯಿಲೆಗೆ ಇದು ಬೇಕೇ ಬೇಕಾ?" ಓಆರ್‌ಎಸ್ ಮತ್ತು ಜಿಂಕ್ ಆಶಾ ಕಾರ್ಯಕರ್ತೆಯರ ಹತ್ತಿರವೂ ಪುಕ್ಕಟೆ ಸಿಗುತ್ತವೆ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಪುಡಿ ಬೆರೆಸಿ. ಭೇದಿಯಲ್ಲಿ ರಕ್ತ ಕಂಡರೆ, ಮಗು ಸುಸ್ತಾಗಿ ಏನೂ ಕುಡಿಯದಿದ್ದರೆ, ಉಚ್ಚೆ ನಿಂತರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಬರೀ ಪುಡಿ, ಜಿಂಕ್ ಕೊಟ್ಟು ಕಳಿಸಿದವರನ್ನು ಏನೂ ಗೊತ್ತಿಲ್ಲದವರು ಅನ್ನಬೇಡಿ. ಮುಂದಿನ ಸಲವೂ ಅವರ ಅಂಗಡಿಗೇ ಹೋಗಿ.