ಹನ್ನೆರಡು ನಿಮಿಷ ನುಡಿಸುತ್ತಲೇ ಇದ್ದ ಮೂವರು



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿ ಒಂದು ಹಳೆಯ ವಿಡಿಯೋ ನೋಡಿದೆವಲ್ಲ, 1985ರ ಲೈವ್ ಏಡ್ ಕಾರ್ಯಕ್ರಮದಲ್ಲಿ ಐರ್ಲೆಂಡಿನ ರಾಕ್ ಬ್ಯಾಂಡ್ ಯು2 ಹಾಡಿದ 'ಬ್ಯಾಡ್' ಎಂಬ ಹಾಡು? ಹಾಡು ಸುಮಾರು ಹನ್ನೆರಡು ನಿಮಿಷ. ಆಮೇಲೆ ನಡೆದ ವಾದ ಅರ್ಧ ಗಂಟೆ. "ಇದಕ್ಕಿಂತ ಒಳ್ಳೆಯ ಲೈವ್ ನಾನು ನೋಡೇ ಇಲ್ಲ" ಅಂತ ಒಬ್ಬರು. "ಬರೀ ಓವರ್ ಆ್ಯಕ್ಟಿಂಗ್" ಅಂತ ಇನ್ನೊಬ್ಬರು. ನಮ್ಮ ಕೀಬೋರ್ಡ್ ನುಡಿಸುವ ಹುಡುಗನಂತೂ, "ನಾನಾಗಿದ್ದರೆ ಅರ್ಧದಲ್ಲೇ ನಿಲ್ಲಿಸಿ ಎದ್ದು ಹೋಗುತ್ತಿದ್ದೆ" ಅಂದ. ಊಟಕ್ಕೆ ಹೊತ್ತಾಯಿತೆಂದು ಎಲ್ಲರೂ ಎದ್ದು ಹೋದರು, ವಾದ ಮಾತ್ರ ಮುಗಿಯಲಿಲ್ಲ. ನನಗೆ ಅನಿಸಿದ್ದನ್ನು ಈಗ ಬರೆಯುತ್ತಿದ್ದೇನೆ.

ಅಂದು ಬರದವರಿಗಾಗಿ ಮೊದಲು ನಡೆದದ್ದನ್ನು ಹೇಳುತ್ತೇನೆ.

ಇಥಿಯೋಪಿಯಾದಲ್ಲಿ ಭೀಕರ ಬರಗಾಲ. 1984ರ ಅಕ್ಟೋಬರಿನಲ್ಲಿ ಬಿಬಿಸಿಯ ವರದಿ ಅದನ್ನು ಜಗತ್ತಿಗೆ ತೋರಿಸಿತು. ಹಣ ಕೂಡಿಸಲು ಬಾಬ್ ಗೆಲ್ಡಾಫ್ ಮತ್ತು ಮಿಜ್ ಯೂರ್ ಎಂಬ ಇಬ್ಬರು ಸಂಗೀತಗಾರರು ಮುಂದಾದರು. 1985ರ ಜುಲೈ 13, ಶನಿವಾರ, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ಮತ್ತು ಅಮೆರಿಕದ ಫಿಲಡೆಲ್ಫಿಯಾದ ಜೆಎಫ್‌ಕೆ ಸ್ಟೇಡಿಯಂ, ಎರಡರಲ್ಲೂ ಒಂದೇ ದಿನ ಕಾರ್ಯಕ್ರಮ. ವೆಂಬ್ಲಿಯಲ್ಲೇ ಸುಮಾರು 72,000 ಜನ. ಉಪಗ್ರಹದ ಮೂಲಕ ಟಿವಿಯಲ್ಲಿ ನೋಡಿದವರು ಕೋಟಿಗಟ್ಟಲೆ. ಒಂದೊಂದು ಬ್ಯಾಂಡಿಗೆ ಸಿಕ್ಕಿದ್ದು ಸುಮಾರು 20 ನಿಮಿಷ ಅಷ್ಟೇ. ಒಬ್ಬರು ಹೆಚ್ಚು ಹೊತ್ತು ತೆಗೆದುಕೊಂಡರೆ ಹಿಂದಿನವರೆಲ್ಲರಿಗೂ ತೊಂದರೆ.

ಯು2 ನಾಲ್ವರ ಬ್ಯಾಂಡ್. ಹಾಡುವವನು ಬೋನೊ, ಗಿಟಾರ್ ಎಡ್ಜ್, ಬೇಸ್ ಆ್ಯಡಂ ಕ್ಲೇಟನ್, ಡ್ರಮ್ಸ್ ಲ್ಯಾರಿ ಮಲ್ಲನ್. 1976ರಲ್ಲಿ ಡಬ್ಲಿನ್ನಿನ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಲ್ಯಾರಿ ಹಾಕಿದ ಒಂದು ಚೀಟಿಯಿಂದ ಶುರುವಾದ ಗುಂಪು. ವೆಂಬ್ಲಿಯಲ್ಲಿ ನಿಂತಾಗ ನಾಲ್ವರಿಗೂ 23ರಿಂದ 25 ವರ್ಷ. ಅಂದರೆ ನಮ್ಮದೇ ವಯಸ್ಸು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಅವರು ಮೂರು ಹಾಡು ಹಾಡಬೇಕಿತ್ತು. ಮೊದಲು 'ಸಂಡೇ ಬ್ಲಡಿ ಸಂಡೇ', ಆಮೇಲೆ 'ಬ್ಯಾಡ್', ಕೊನೆಗೆ 'ಪ್ರೈಡ್'. ಮಾರ್ಟಿನ್ ಲೂಥರ್ ಕಿಂಗ್ ಅವರ ನೆನಪಿನಲ್ಲಿ ಬರೆದ 'ಪ್ರೈಡ್' ಆಗಿನ ಅವರ ದೊಡ್ಡ ಹಿಟ್. ಜಗತ್ತೆಲ್ಲ ನೋಡುವ ದಿನ ಯಾವ ಬ್ಯಾಂಡ್ ಕೂಡ ತನ್ನ ಹಿಟ್ ಹಾಡನ್ನು ಬಿಡುವುದಿಲ್ಲ. ಮೊದಲನೆಯದು ಸರಿಯಾಗಿ ಮುಗಿಯಿತು. ಎರಡನೆಯದು ಶುರುವಾಯಿತು. ಡಬ್ಲಿನ್ನಿನಲ್ಲಿ ಹೆರಾಯಿನ್ ಚಟಕ್ಕೆ ಬಿದ್ದು ಹಾಳಾಗುತ್ತಿದ್ದ ಯುವಕರ ಬಗ್ಗೆ ಬರೆದ ಹಾಡು ಅದು. ಆಲ್ಬಮ್ಮಿನಲ್ಲಿ ಆರು ನಿಮಿಷ.

ನಡುವೆ ಬೋನೊ ಜನರ ಕಡೆ ಕೈ ತೋರಿಸತೊಡಗುತ್ತಾನೆ. ಮುಂದಿನ ಸಾಲಿನಿಂದ ಹುಡುಗಿಯರನ್ನು ಎತ್ತಿ ಈಚೆ ತರಲು ಸೆಕ್ಯೂರಿಟಿಯವರಿಗೆ ಸನ್ನೆ ಮಾಡುತ್ತಾನೆ. ಆಗದಿದ್ದಾಗ ತಾನೇ ವೇದಿಕೆಯಿಂದ ಕೆಳಗಿನ ಮಟ್ಟಕ್ಕೆ, ಅಲ್ಲಿಂದ ಇನ್ನೂ ಕೆಳಗೆ ಜಿಗಿಯುತ್ತಾನೆ. ಬೇಲಿಯಾಚೆಯಿಂದ ಎಳೆದು ತಂದ ಒಬ್ಬ ಹುಡುಗಿಯನ್ನು ಅಪ್ಪಿಕೊಂಡು ನಿಧಾನಕ್ಕೆ ಹೆಜ್ಜೆ ಹಾಕುತ್ತಾನೆ. ಅವನು ಮೇಲೆ ಹತ್ತಿ ಬಂದು ಹಾಡು ಮುಗಿಸುವಾಗ ಹನ್ನೆರಡು ನಿಮಿಷ ಕಳೆದಿದೆ. 'ಪ್ರೈಡ್'ಗೆ ಸಮಯವೇ ಇಲ್ಲ.

ಇಲ್ಲಿಂದ ಅಭಿಪ್ರಾಯಗಳು ಬೇರೆ ಬೇರೆಯಾಗುತ್ತವೆ. ಮೊದಲ ಭಿನ್ನಾಭಿಪ್ರಾಯ ಹುಟ್ಟಿದ್ದು ಪತ್ರಿಕೆಗಳಲ್ಲಲ್ಲ, ಬ್ಯಾಂಡಿನ ಒಳಗೇ. ಉಳಿದ ಮೂವರಿಗೂ ಸಿಟ್ಟು ಬಂದಿತ್ತು. ಇಂಥ ಅವಕಾಶ ಕೈತಪ್ಪಿತು, ಹಿಟ್ ಹಾಡೇ ಹೋಯಿತು ಎಂಬ ನೋವು. ತಾನೇ ಎಲ್ಲ ಕೆಡಿಸಿದೆ ಎಂದು ಬೋನೊಗೂ ಅನಿಸಿತ್ತು, ಬ್ಯಾಂಡ್ ಬಿಡುವ ಯೋಚನೆಯೂ ಬಂದಿತ್ತು. ಆದರೆ ಜನರ ತೀರ್ಪು ತದ್ವಿರುದ್ಧ. ಮರುದಿನದಿಂದ ಎಲ್ಲರ ಬಾಯಲ್ಲೂ ಆ ದೃಶ್ಯ. ಬ್ಯಾಂಡಿನ ಹಳೆಯ ಆಲ್ಬಮ್‌ಗಳು ಬ್ರಿಟನ್ನಿನ ಪಟ್ಟಿಗೆ ಮತ್ತೆ ಬಂದವು. ಇಂದಿಗೂ ಲೈವ್ ಏಡ್ ಅಂದರೆ ಕ್ವೀನ್ ಬ್ಯಾಂಡಿನ ಜೊತೆಗೆ ನೆನಪಾಗುವ ಹೆಸರು ಯು2.

ಒಂದೇ ಹನ್ನೆರಡು ನಿಮಿಷದ ಬಗ್ಗೆ ಇಷ್ಟು ವ್ಯತ್ಯಾಸ ಹೇಗೆ? ಬಿಎಸ್ಸಿ ಲ್ಯಾಬ್‌ನಲ್ಲಿ ನಮಗೆ ಮೊದಲ ವಾರವೇ ಹೇಳಿಕೊಟ್ಟ ಪಾಠ ನೆನಪಾಗುತ್ತದೆ. ಮೀಟರಿನ ಮುಳ್ಳನ್ನು ನೇರವಾಗಿ ನೋಡಿ ರೀಡಿಂಗ್ ತೆಗೆಯಬೇಕು. ಓರೆಯಾಗಿ ನೋಡಿದರೆ ಮುಳ್ಳು ಇದ್ದಲ್ಲೇ ಇದ್ದರೂ ಓದುವ ಅಂಕಿ ಬೇರೆ. ಪ್ಯಾರಲಾಕ್ಸ್ ದೋಷ ಅನ್ನುತ್ತಾರೆ. ಆ ದಿನ ಯಾರು ಎಲ್ಲಿದ್ದರು ನೋಡಿ. ಟಿವಿ ಮುಂದೆ ಕೂತವರಿಗೆ ಕ್ಯಾಮೆರಾ ಎಲ್ಲವನ್ನೂ ಹತ್ತಿರದಿಂದ ತೋರಿಸಿತು. ವೇದಿಕೆಯ ಮೇಲಿದ್ದ ಮೂವರಿಗೆ ಏನೂ ಕಾಣಲಿಲ್ಲ. ಹಾಡುಗಾರ ಕಣ್ಣಿಂದ ಮರೆಯಾಗಿದ್ದಾನೆ, ಬಿದ್ದನೋ, ಪೆಟ್ಟಾಯಿತೋ, ವಾಪಸು ಬರುತ್ತಾನೋ ಗೊತ್ತಿಲ್ಲ. ನಿಲ್ಲಿಸಬೇಕೋ ಮುಂದುವರಿಸಬೇಕೋ ತಿಳಿಯದೆ ನುಡಿಸುತ್ತಿದ್ದೆವು ಎಂದು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಅವರ ಸಿಟ್ಟು ಹೊಟ್ಟೆಕಿಚ್ಚಲ್ಲ. ಅವರು ನಿಂತ ಜಾಗದಿಂದ ಹಾಗೆಯೇ ಕಾಣುತ್ತಿತ್ತು.

ಆ ಹುಡುಗಿ ನಿಂತಿದ್ದ ಜಾಗವೇ ಬೇರೆ. ಹಿಂದಿನಿಂದ ಜನ ನೂಕುತ್ತಿದ್ದರು, ಬೇಲಿಗೆ ಒತ್ತಿಕೊಂಡು ಉಸಿರು ಕಟ್ಟುತ್ತಿತ್ತು, ಬೋನೊ ಅದನ್ನು ಗಮನಿಸಿದ ಎಂದು ಆಕೆ ಎಷ್ಟೋ ವರ್ಷಗಳ ನಂತರ ಹೇಳಿದರು. ನಾವು 'ಶೋ' ಅಂದುಕೊಂಡದ್ದು ಆಕೆಗೆ ಜೀವ ಉಳಿಸಿದ ಕೈ.

ಹಾಗಾದರೆ ಜನ ಮೆಚ್ಚಿದ್ದೇ ಸರಿ ಅಂತ ಮುಗಿಸಿಬಿಡೋಣವೇ? ಅದೂ ಆಗುವುದಿಲ್ಲ. ಅದೇ ದಿನ ಫಿಲಡೆಲ್ಫಿಯಾದಲ್ಲಿ ಲೆಡ್ ಜೆಪೆಲಿನ್ ಬ್ಯಾಂಡಿನ ಉಳಿದ ಸದಸ್ಯರು ವರ್ಷಗಳ ನಂತರ ಒಟ್ಟಿಗೆ ವೇದಿಕೆ ಹತ್ತಿದರು. ಜನ ಹುಚ್ಚೆದ್ದು ಕುಣಿದರು. ಆದರೆ ಗಿಟಾರಿನ ಶ್ರುತಿ ಸರಿ ಇರಲಿಲ್ಲ, ಹಾಡುಗಾರನ ಗಂಟಲು ಕಟ್ಟಿತ್ತು, ಜೊತೆಗೆ ನುಡಿಸಿದ ಡ್ರಮ್ಮರ್‌ಗಳ ಜೊತೆ ಅಭ್ಯಾಸ ಸಾಲದಾಗಿತ್ತು. ಆ ಕಾರ್ಯಕ್ರಮ ಬ್ಯಾಂಡಿಗೇ ಎಷ್ಟು ಬೇಸರ ತಂದಿತೆಂದರೆ, 2004ರಲ್ಲಿ ಲೈವ್ ಏಡ್ ಡಿವಿಡಿ ಬಂದಾಗ ತಮ್ಮ ಭಾಗವನ್ನು ಹಾಕಲು ಅವರು ಒಪ್ಪಲಿಲ್ಲ. ಅಲ್ಲಿ ಜನ ಚಪ್ಪಾಳೆ ತಟ್ಟಿದರು, ಕಲಾವಿದರು ತಲೆ ತಗ್ಗಿಸಿದರು. ಚಪ್ಪಾಳೆಯ ಸದ್ದು ಒಂದು ಸಾಕ್ಷಿ ಅಷ್ಟೇ, ತೀರ್ಪಲ್ಲ.

ಇನ್ನು ಕ್ವೀನ್. ಯು2 ಇಳಿದು ಒಂದು ಗಂಟೆಯ ಮೇಲೆ ಅದೇ ವೆಂಬ್ಲಿ ವೇದಿಕೆಗೆ ಬಂದ ಅವರು 21 ನಿಮಿಷದಲ್ಲಿ ಆರು ಹಾಡು ಹಾಡಿದರು. ಮುಂಚಿತವಾಗಿ ಕೂತು ಅಭ್ಯಾಸ ಮಾಡಿ, ಉದ್ದದ ಹಾಡುಗಳನ್ನು ಕತ್ತರಿಸಿ, ನಿಮಿಷ ನಿಮಿಷಕ್ಕೂ ಲೆಕ್ಕ ಹಾಕಿ ಬಂದಿದ್ದರು. ರಾಕ್ ಚರಿತ್ರೆಯ ಅತಿ ಶ್ರೇಷ್ಠ ಲೈವ್ ಎಂದು ಅದನ್ನು ಕರೆಯುವವರು ತುಂಬ ಜನ. ಹಾಗಾಗಿ "ಯು2 ಪ್ಲಾನ್ ಬಿಟ್ಟು ಗೆದ್ದಿತು, ನಮಗೂ ಪ್ರಾಕ್ಟೀಸ್ ಬೇಡ" ಎಂದು ಹೇಳುವವರಿಗೆ ನನ್ನ ಬೆಂಬಲ ಇಲ್ಲ. ಹಾಗೆ ಹೇಳುವವರು ಯಾರು ಅಂತ ಅವರಿಗೇ ಗೊತ್ತು.

"ಎಲ್ಲ ಕ್ಯಾಮೆರಾಕ್ಕಾಗಿ ಮಾಡಿದ್ದು" ಎಂಬ ಮಾತಿಗೂ ಉತ್ತರ ಹೇಳಬೇಕು. ಬೋನೊಗೆ ಜನರ ಗಮನ ಸೆಳೆಯುವ ಆಸೆ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ವೇದಿಕೆಯಿಂದ ಕೆಳಗಿಳಿದು ಜನರ ಹತ್ತಿರ ಹೋಗುವುದು ಅವನ ಹಳೆಯ ಅಭ್ಯಾಸ. ಕ್ಯಾಮೆರಾ ಇದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದೇ ವರ್ಷ ಅವನು ಮತ್ತು ಹೆಂಡತಿ ಆ್ಯಲಿ ಇಥಿಯೋಪಿಯಾಕ್ಕೆ ಹೋದರು. ಅಜಿಬಾರ್ ಎಂಬಲ್ಲಿನ ಶಿಬಿರದಲ್ಲಿ ಒಂದು ತಿಂಗಳಷ್ಟು ಕಾಲ ಸದ್ದಿಲ್ಲದೆ ಕೆಲಸ ಮಾಡಿದರು. ಹನ್ನೆರಡು ನಿಮಿಷವನ್ನು ನಂಬಬೇಕೋ ಬೇಡವೋ ಎಂಬ ಪ್ರಶ್ನೆಗೆ ಆ ಒಂದು ತಿಂಗಳಿನಲ್ಲಿ ಉತ್ತರ ಇದೆ ಎಂದು ನನ್ನ ಅನಿಸಿಕೆ. ವೇದಿಕೆಯ ಮೇಲೆ ಮಾಡಿದ್ದನ್ನು ವೇದಿಕೆ ಇಲ್ಲದ ಕಡೆಯೂ ಮಾಡುತ್ತಾನಾ ಅಂತ ನೋಡಬೇಕು. ಬೋನೊ, ಎಡ್ಜ್, ಲ್ಯಾರಿ ಮೂವರೂ ಹದಿಹರೆಯದ ಕೊನೆಯಲ್ಲಿ ಡಬ್ಲಿನ್ನಿನ ಶಾಲೋಮ್ ಎಂಬ ಕ್ರೈಸ್ತ ಪ್ರಾರ್ಥನಾ ಕೂಟದಲ್ಲಿದ್ದವರು. ರಾಕ್ ಸಂಗೀತವೂ ವಿಶ್ವಾಸವೂ ಜೊತೆಗೆ ಸಾಗಬಹುದೇ ಎಂಬ ಗೊಂದಲದಲ್ಲಿ ಬೋನೊ ಮತ್ತು ಎಡ್ಜ್ ಬ್ಯಾಂಡನ್ನೇ ಬಿಡುವ ಹಂತಕ್ಕೆ ಹೋಗಿ ಬಂದವರು. ಇದು ನಮ್ಮಲ್ಲೂ ಕೆಲವರು ಕೇಳುವ ಪ್ರಶ್ನೆಯೇ.

ಲೈವ್ ಏಡ್ ಬಗ್ಗೆ ದೊಡ್ಡ ಟೀಕೆಗಳೂ ಇವೆ, ಅವನ್ನು ಮರೆಮಾಚಬಾರದು. ಆಫ್ರಿಕಾಕ್ಕಾಗಿ ನಡೆದ ಕಾರ್ಯಕ್ರಮದಲ್ಲಿ ಆಫ್ರಿಕಾದ ಸಂಗೀತಗಾರರು ಬಹುತೇಕ ಇರಲೇ ಇಲ್ಲ. ಹಸಿವಿಗೆ ಮಳೆ ಮಾತ್ರ ಕಾರಣವಲ್ಲ, ಯುದ್ಧವೂ ಅಲ್ಲಿನ ಮಿಲಿಟರಿ ಸರ್ಕಾರ ಜನರನ್ನು ಬಲವಂತವಾಗಿ ಬೇರೆಡೆ ಸಾಗಿಸಿದ್ದೂ ಕಾರಣ. ಅದನ್ನು ಬಹಿರಂಗವಾಗಿ ಟೀಕಿಸಿದ ಫ್ರೆಂಚ್ ವೈದ್ಯರ ಸಂಸ್ಥೆ ಮೆಡಿಸಿನ್ಸ್ ಸಾನ್ಸ್ ಫ್ರಾಂಟಿಯರ್ಸ್ ಅನ್ನು 1985ರ ಕೊನೆಯಲ್ಲಿ ದೇಶದಿಂದ ಹೊರಹಾಕಲಾಯಿತು. ಒಳ್ಳೆಯ ಹಾಡು ಇಂಥ ಪ್ರಶ್ನೆಗಳನ್ನು ಅಳಿಸುವುದಿಲ್ಲ. ಹಾಗೆಯೇ ಈ ಪ್ರಶ್ನೆಗಳಿವೆ ಎಂದ ಮಾತ್ರಕ್ಕೆ ಬೇಲಿಯಿಂದ ಎತ್ತಿದ ಒಬ್ಬ ಹುಡುಗಿಯ ಉಸಿರು ಸುಳ್ಳಾಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು.

ಈಗ ನನ್ನ ಅಭಿಪ್ರಾಯ. ವಿಡಿಯೋವನ್ನು ಎರಡನೇ ಸಲ ನೋಡುವಾಗ ನಾನು ಬೋನೊನನ್ನು ನೋಡಲಿಲ್ಲ, ಹಾಡನ್ನು ಕೇಳಿದೆ. ಕ್ಯಾಮೆರಾ ಕೆಳಗೆ ಅವನ ಹಿಂದೆ ಓಡುತ್ತಿದೆ, ಮೇಲೆ ಸಂಗೀತ ನಿಲ್ಲುತ್ತಿಲ್ಲ. ಲ್ಯಾರಿಯ ತಾಳ ಓಡುವುದೂ ಇಲ್ಲ, ಎಳೆಯುವುದೂ ಇಲ್ಲ. ಎಡ್ಜ್ ಅದೇ ಸ್ವರಗಳನ್ನು ಮತ್ತೆ ಮತ್ತೆ ಸುತ್ತಿಸುತ್ತಿದ್ದಾನೆ. ಆ್ಯಡಂನ ಬೇಸ್ ನೆಲ ಹಿಡಿದು ನಿಂತಿದೆ. ಒಂದು ಕ್ಷಣ ಅವರು ಕೈಬಿಟ್ಟಿದ್ದರೆ ಏನಾಗುತ್ತಿತ್ತು? ಮೌನದಲ್ಲಿ ಒಬ್ಬ ಹಾಡುಗಾರ ಜನರ ನಡುವೆ ಸಿಕ್ಕಿಕೊಂಡಿದ್ದಾನೆ, ಅಷ್ಟೇ ಕಾಣುತ್ತಿತ್ತು. ಅದು ಅಪಘಾತ ಅನಿಸುತ್ತಿತ್ತು. ಅದು ಅಪ್ಪುಗೆಯಾಗಿ ಕಂಡದ್ದು ಈ ಮೂವರಿಂದ.

ಬೋನೊ ಮಾಡಿದ್ದು ಸರಿಯೇ ಎಂದು ಕೇಳಿದರೆ ನಾನು ಸರಿ ಅನ್ನುತ್ತೇನೆ. ಹಿಟ್ ಹಾಡಿಗಿಂತ ಎದುರಿಗಿದ್ದ ಮನುಷ್ಯರು ದೊಡ್ಡವರು, ಅದರಲ್ಲೂ ಹಸಿದವರಿಗಾಗಿ ನಡೆದ ಕಾರ್ಯಕ್ರಮದಲ್ಲಿ. ಗೆಳೆಯರ ಸಿಟ್ಟು ಸರಿಯೇ ಎಂದು ಕೇಳಿದರೆ ಅದೂ ಸರಿ. ಅವರನ್ನು ಕೇಳದೆ ಅವರ ಭಾಗದ ಹಾಡನ್ನೂ ಅವನು ಖರ್ಚು ಮಾಡಿದ. ಒಬ್ಬನ ಒಳ್ಳೆಯತನದ ಬೆಲೆಯನ್ನು ಉಳಿದ ಮೂವರು ತೆತ್ತರು. ಆದರೆ ನನ್ನ ಮೆಚ್ಚುಗೆಯ ದೊಡ್ಡ ಪಾಲು ಸಿಟ್ಟಿದ್ದೂ ಕೈ ನಿಲ್ಲಿಸದ ಆ ಮೂವರಿಗೆ. ಸಿಟ್ಟನ್ನು ವೇದಿಕೆಯ ಹಿಂದೆ ತೋರಿಸಿದರು, ಮುಂದೆ ತೋರಿಸಲಿಲ್ಲ. ಬ್ಯಾಂಡ್ ಒಡೆಯಲಿಲ್ಲ. ಎರಡು ವರ್ಷಕ್ಕೆ 'ದ ಜೋಶುವಾ ಟ್ರೀ' ಬಂತು. ಆ ಆಲ್ಬಮ್ಮಿನ ಹಾಡುಗಳನ್ನು ಅದೇ ನಾಲ್ವರು 2019ರ ಡಿಸೆಂಬರಿನಲ್ಲಿ ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲೂ ಹಾಡಿ ಹೋದರು.

ನಮ್ಮ ಗಾಯನ ಮಂಡಳಿಯಲ್ಲೂ ಇದೇ ಅಲ್ಲವೇ ನಡೆಯುವುದು? ಹಾಡುವವರೊಬ್ಬರು ಯಾವುದೋ ಚರಣವನ್ನು ಮೂರು ಸಲ ಹಾಡುತ್ತಾರೆ, ಕೀಬೋರ್ಡಿನವನ ಮುಖ ಕೆಂಪಾಗುತ್ತದೆ, ಹಿಂದಿನ ಬೆಂಚಿನಲ್ಲಿ ಯಾವುದೋ ಅಜ್ಜಿ ಕಣ್ಣು ಒರೆಸಿಕೊಳ್ಳುತ್ತಾರೆ. ಹೊರಗೆ ಬಂದ ಮೇಲೆ ಮೂರು ಅಭಿಪ್ರಾಯ. ಮೂವರೂ ನಿಂತ ಜಾಗ ಬೇರೆ. ತೀರ್ಪು ಹೇಳುವ ಮೊದಲು ಇನ್ನೊಬ್ಬರ ಜಾಗದಲ್ಲಿ ಒಂದು ನಿಮಿಷ ನಿಂತು ನೋಡೋಣ. ಹಾಡುವವರು ಇಳಿದು ಹೋಗುವ ಮುಂಚೆ ಹಿಂದೆ ನುಡಿಸುವವರತ್ತ ಒಮ್ಮೆ ತಿರುಗಿ ನೋಡಲಿ. ನುಡಿಸುವವರು ಬೈಯುವುದಿದ್ದರೆ ಹಾಡು ಮುಗಿದ ಮೇಲೆ ಬೈಯಲಿ, ಆದರೆ ನಡುವೆ ಕೈ ಬಿಡದಿರಲಿ.

ಅಂದ ಹಾಗೆ, ಆ ವಿಡಿಯೋ ಇಂದಿಗೂ ಬೋನೊಗೆ ಮುಜುಗರ ತರುತ್ತದಂತೆ. ಕಾರಣ 'ಪ್ರೈಡ್' ಹಾಡದೆ ಹೋದದ್ದಲ್ಲ, ಅಂದಿನ ತನ್ನ ಹೇರ್ ಸ್ಟೈಲ್! ಅದರ ಬಗ್ಗೆ ಮಾತ್ರ ಕಳೆದ ಭಾನುವಾರ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.